ಹಿರಿಬಟ್ಟೆಯ ಕೊನೆಯ ಬೆರಳಗಲ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಬೆಡ್‌ಶೀಟಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆದರೆ ಆ ಹೆಸರು ಹಿಡಿದು ಯಾರಾದರೂ ಕೂಗಿದರೆ, ಯಾರನ್ನು ಕರೆಯುತ್ತಿದ್ದಾರೋ ಎಂದು ಅವಳೇ ಹಿಂದೆ ತಿರುಗಿ ನೋಡುತ್ತಿದ್ದಳು. ಮೂವತ್ತೊಂದು ವರ್ಷ ಒಂದೇ ಕೋಣೆಯಲ್ಲಿ ದುಡಿದರೆ ಮನುಷ್ಯರಿಗೆ ಕೋಣೆಯ ಹೆಸರೇ ಅಂಟಿಕೊಳ್ಳುತ್ತದೆ. ಎಕ್ಸ್‌ರೇ ಅಣ್ಣ ಎಂಬೊಬ್ಬರಿದ್ದರು. ಅವರ ಹೆಂಡತಿಯೂ ಅವರನ್ನು ಹಾಗೇ ಕರೆಯುತ್ತಿದ್ದಳಂತೆ.

ಬಟ್ಟೆಯ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಒಂದು ಪಕ್ಕ ಅಡುಗೆಮನೆ, ಇನ್ನೊಂದು ಪಕ್ಕ ಶವಾಗಾರ. ಹೀಗಾಗಿ ಅವಳ ಮುಂದೆ ಹಾದುಹೋಗುವ ಗಾಡಿಗಳಲ್ಲಿ ಎರಡೇ ಬಗೆ: ಊಟ ಹೊತ್ತವು ಮತ್ತು ಊಟದ ಹಂಗು ತೀರಿದವರನ್ನು ಹೊತ್ತವು. ಎರಡಕ್ಕೂ ಹೊದಿಸುವ ಬಟ್ಟೆ ಅವಳೇ ಕೊಡಬೇಕು. ಮೇಲಿನ ವಾರ್ಡುಗಳಿಂದ ಕೊಳೆ ಬಟ್ಟೆಯ ಮೂಟೆ ಇಳಿಯುತ್ತಿತ್ತು, ಒಗೆದು ಇಸ್ತ್ರಿಯಾಗಿ ಮಡಿಕೆಯಾದದ್ದು ಮೇಲೆ ಹೋಗುತ್ತಿತ್ತು. ರಕ್ತದ ಕಲೆಗೆ ತಣ್ಣೀರು ಹಾಕಬೇಕು, ಬಿಸಿನೀರು ಹಾಕಿದರೆ ಅದು ಅಲ್ಲೇ ಬೇರುಬಿಡುತ್ತದೆ. ಇದನ್ನು ಅವಳು ಪ್ರತಿವರ್ಷ ಹೊಸದಾಗಿ ಬರುವ ನರ್ಸುಗಳಿಗೆ ಹೇಳುತ್ತಿದ್ದಳು, ಅವರು ಪ್ರತಿವರ್ಷ ಬಿಸಿನೀರೇ ಹಾಕುತ್ತಿದ್ದರು. ಹರಿದ ಬೆಡ್‌ಶೀಟು ದಿಂಬಿನ ಚೀಲವಾಗುತ್ತಿತ್ತು, ದಿಂಬಿನ ಚೀಲ ಹರಿದರೆ ಹಸುಗೂಸಿನ ಲಂಗೋಟಿ, ಅದೂ ಹರಿದರೆ ನೆಲ ಒರೆಸುವ ಬಟ್ಟೆ. ಆ ಆಸ್ಪತ್ರೆಯಲ್ಲಿ ಮುಂದಿನ ಗತಿ ಏನೆಂದು ಖಚಿತವಾಗಿ ಗೊತ್ತಿದ್ದದ್ದು ಬೆಡ್‌ಶೀಟಿನದು ಮಾತ್ರ.

ಅವಳು ಗುಡ್ಡದ ಮೇಲಿನವಳು. ಪಟ್ಟಣದವರು ಅವರನ್ನು ಗುಡ್ಡದವರು ಅನ್ನುತ್ತಾರೆ, ಸರಕಾರದ ಕಾಗದದಲ್ಲಿ ಮೂಲನಿವಾಸಿಗಳು ಎಂದಿದೆ, ಅವರು ತಮ್ಮನ್ನು ತಾವು ನಮ್ಮವರು ಎಂದುಕೊಳ್ಳುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ತಾಯಿ ನೇಯ್ದುಕೊಟ್ಟ ಕೆಂಪು ಬಟ್ಟೆಯನ್ನೇ ಉಟ್ಟು ಬಂದಿದ್ದಳು. ಆಗಿದ್ದ ದೊಡ್ಡ ಸಿಸ್ಟರು ಬಿಳಿ ಟೋಪಿ ಸರಿಮಾಡಿಕೊಳ್ಳುತ್ತ ಅವಳನ್ನು ಮೇಲಿಂದ ಕೆಳಗೆ ನೋಡಿ, "ನಾಟಕ ಎಷ್ಟು ಗಂಟೆಗೆ?" ಎಂದು ಕೇಳಿದರು. ಸುತ್ತ ಇದ್ದವರೆಲ್ಲ ನಕ್ಕರು. ಎಲ್ಲರೂ ನಗುವಾಗ ತಾನೊಬ್ಬಳೇ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅವಳೂ ನಕ್ಕಳು. ಮಧ್ಯಾಹ್ನದೊಳಗೆ ನೀಲಿ ಅಂಗಿ, ಬಿಳಿ ಏಪ್ರನ್ ಹಾಕಿಕೊಂಡಳು. ಕೆಂಪು ಬಟ್ಟೆ ಪೆಟ್ಟಿಗೆ ಸೇರಿತು. ಊರಿಗೆ ಹೋಗುವಾಗ ಕೊನೆಯ ನಿಲ್ದಾಣದ ಹತ್ತಿರ ಉಟ್ಟುಕೊಂಡು, ಬರುವಾಗ ಅಲ್ಲೇ ಬಿಚ್ಚಿಡುತ್ತಿದ್ದಳು. ಬಸ್ಸಿನ ಡ್ರೈವರಿಗೆ ಇದು ರೂಢಿಯಾಗಿ, ಅಲ್ಲಿ ಎರಡು ನಿಮಿಷ ಹೆಚ್ಚಿಗೆ ನಿಲ್ಲಿಸುತ್ತಿದ್ದ.

ಹೀಗೆ ಮೂವತ್ತೊಂದು ವರ್ಷ ಕಳೆಯಿತು. ನಿವೃತ್ತಿಗೆ ಮೂರು ತಿಂಗಳಿರುವಾಗ ಹೊಸ ದೊಡ್ಡ ಡಾಕ್ಟರು ಅವಳನ್ನು ಕರೆಸಿದರು. ಅವರು ಒಳ್ಳೆಯ ಮನುಷ್ಯ. ಒಳ್ಳೆಯದನ್ನು ಯಾವಾಗಲೂ ಫೋಟೋ ಸಮೇತ ಮಾಡುವ ಅಭ್ಯಾಸ ಒಂದಿತ್ತು, ಅಷ್ಟೆ.

"ಅಕ್ಕಾ, ಬೀಳ್ಕೊಡುಗೆ ದಿನ ನೀವು ನಿಮ್ಮ ಸಾಂಪ್ರದಾಯಿಕ ಉಡುಪಿನಲ್ಲೇ ಬರಬೇಕು. ನಮ್ಮ ಆಸ್ಪತ್ರೆಗೆ ಅದೊಂದು ಹೆಮ್ಮೆ" ಎಂದರು.

"ನನ್ನ ಹತ್ರ ಇಲ್ಲ ಸಾರ್" ಎಂದಳು.

"ಇಲ್ವಾ? ಅದಕ್ಕೇನಂತೆ, ನಾವೇ ಬಾಡಿಗೆಗೆ ತರಿಸೋಣ."

ನಾಟಕದ ವೇಷದ ಅಂಗಡಿಯಿಂದ ಒಂದು ಪೆಟ್ಟಿಗೆ ಬಂತು. ಒಳಗೆ ಹಸಿರು ಲಂಗ, ಲಂಗದ ತುಂಬ ಚಿಕ್ಕಚಿಕ್ಕ ಕನ್ನಡಿ, ತಲೆಗೆ ಮೂರು ಬಣ್ಣದ ಗರಿ. ಅವಳು ಗರಿಯನ್ನು ಕೈಯಲ್ಲಿ ಹಿಡಿದು ಎರಡು ಸಲ ತಿರುಗಿಸಿದಳು. "ಇದನ್ನ ಹಾಕ್ಕೊಂಡ್ರೆ ನಿಮಗೆ ಗುಡ್ಡದವಳ ಹಾಗೆ ಕಾಣ್ಬಹುದು ಸಾರ್. ನಮ್ಮವರಿಗೆ ಹುಂಜದ ಹಾಗೆ ಕಾಣ್ತೀನಿ" ಎಂದು ಹೇಳಿ ಪೆಟ್ಟಿಗೆಗೆ ವಾಪಸ್ ಇಟ್ಟಳು. ಹಾಗೆ ಎದುರು ಹೇಳಿದ್ದು ಅವಳಿಗೇ ಆಶ್ಚರ್ಯವಾಯಿತು.

ಬಟ್ಟೆ ಇಲ್ಲ ಎಂದದ್ದು ಸುಳ್ಳಲ್ಲ. ನಮ್ಮವರಲ್ಲಿ ತಾಯಿ ನೇಯ್ದ ಕೆಂಪು ಬಟ್ಟೆ ಐವತ್ತರವರೆಗೆ ಮಾತ್ರ. ಆಮೇಲೆ ಉಡುವುದು ಹಿರಿಬಟ್ಟೆ. ಅದರ ಸೆರಗು ಎಡ ಸೊಂಟದ ಮೇಲೆ ಇಳಿಬೀಳುತ್ತದೆ, ಆ ಸೆರಗಿನ ಅಂಚಿನಲ್ಲಿ ಆ ಹೆಂಗಸಿನ ಬದುಕೆಲ್ಲ ಇರುತ್ತದೆ. ಮಕ್ಕಳಿಗೆ ಒಂದೊಂದು ಗೆರೆ, ಹೋದ ಮಗುವಿಗೆ ತುಂಡು ಗೆರೆ, ಮಾಡಿದ ಕೆಲಸಕ್ಕೊಂದು ಗುರುತು. ಎಲ್ಲಕ್ಕಿಂತ ಕೆಳಗೆ ಒಂದು ಬೆರಳಗಲದ ಜಾಗ. ಆ ಬೆರಳಗಲ ನೇಯುವವಳದು. ಉಡುವವಳು ಎಂಥವಳು ಎಂದು ನೇಯುವವಳಿಗೆ ಅನ್ನಿಸಿತೋ ಅದನ್ನು ಅಲ್ಲಿ ನೇಯುತ್ತಾಳೆ. ಕೇಳುವ ಹಾಗಿಲ್ಲ, ಬೇಡ ಅನ್ನುವ ಹಾಗಿಲ್ಲ, ಬಿಚ್ಚಿಸುವ ಹಾಗಂತೂ ಇಲ್ಲವೇ ಇಲ್ಲ. ಅದನ್ನೇ ಉಟ್ಟು ಬದುಕಬೇಕು, ಅದರಲ್ಲೇ ಮಣ್ಣಿಗೆ ಹೋಗಬೇಕು.

ಬೆಡ್‌ಶೀಟಕ್ಕನ ಸೋದರತ್ತೆಯೊಬ್ಬಳಿಗೆ ಅವಳ ನಾದಿನಿ ಅಲ್ಲಿ ಹಲ್ಲಿಯನ್ನು ನೇಯ್ದುಬಿಟ್ಟಿದ್ದಳು. ಹಲ್ಲಿ ಎಂದರೆ ಕಂಡವರ ಗೋಡೆಗೆಲ್ಲ ಕಿವಿ ಕೊಡುವವಳು. ಆ ಅತ್ತೆ ನಲವತ್ತು ವರ್ಷ ಅದನ್ನು ಉಟ್ಟಳು. ಕೇಳಿದವರಿಗೂ ಕೇಳದವರಿಗೂ "ಇದು ಮೊಸಳೆ, ಮೊಸಳೆ" ಎಂದಳು. ಒಬ್ಬರೂ ನಂಬಲಿಲ್ಲ. ಯಾರು ಯಾರು ನಂಬಲಿಲ್ಲ ಎಂಬುದನ್ನೂ ಅವಳು ಗೋಡೆಗೆ ಕಿವಿ ಕೊಟ್ಟೇ ತಿಳಿದುಕೊಂಡಿದ್ದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ನಮ್ಮವರಿಗೂ ಗೊತ್ತು. ಆದ್ದರಿಂದ ಹಿರಿಬಟ್ಟೆಯನ್ನು ತಾಯಿ, ಮಗಳು, ಒಡಹುಟ್ಟಿದವರು ಯಾರೂ ನೇಯುವಂತಿಲ್ಲ. ಮದುವೆಯಾಗಿ ಸೇರಿದ ಮನೆಯ ಹೆಂಗಸೇ ನೇಯಬೇಕು. ಬೆಡ್‌ಶೀಟಕ್ಕ ಸೇರಿದ ಮನೆಯಲ್ಲಿ ಈಗ ಉಳಿದಿದ್ದವಳು ಒಬ್ಬಳೇ, ಗಂಡನ ಅಣ್ಣನ ಹೆಂಡತಿ. ಅಂದರೆ ಓರಗಿತ್ತಿ. ಅವಳ ಮುಖ ನೋಡಿ ಹನ್ನೊಂದು ವರ್ಷವಾಗಿತ್ತು.

ಹಿರಿಬಟ್ಟೆ ಇಲ್ಲದೆ ಸತ್ತವಳನ್ನು ಬರೀ ಬಿಳಿ ಬಟ್ಟೆಯಲ್ಲಿ ಸುತ್ತುತ್ತಾರೆ. ಯಾರ ಮನೆಯವಳು, ಏನು ಮಾಡಿಕೊಂಡಿದ್ದಳು ಎಂಬ ಗುರುತೇ ಇರುವುದಿಲ್ಲ. ಬೆಡ್‌ಶೀಟಕ್ಕ ಎಷ್ಟೋ ಜನರಿಗೆ ಕೊನೆಯ ಬಿಳಿ ಬಟ್ಟೆ ತನ್ನ ಕೈಯಾರೆ ತೆಗೆದುಕೊಟ್ಟವಳು. ಅದು ಹೇಗೆ ಕಾಣುತ್ತದೆ ಎಂದು ಅವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಡಾಕ್ಟರ ಫೋಟೋ ಹಾಳಾಗಿಹೋಗಲಿ. ತಾನೂ ಒಂದು ದಿನ ಹಾಗೇ ಸುತ್ತಿಸಿಕೊಂಡು ಹೋಗುವುದು ಅವಳಿಗೆ ಬೇಡವಾಗಿತ್ತು.

ಹನ್ನೊಂದು ವರ್ಷದ ಹಿಂದೆ ಆದದ್ದು ಇಷ್ಟು. ಭಾವನಿಗೆ ಹೊಟ್ಟೆನೋವು ಬಂದು ಓರಗಿತ್ತಿ ಅವನನ್ನು ಆಸ್ಪತ್ರೆಗೆ ಕರೆತಂದಳು. ಆಗಷ್ಟೇ ಹಿರಿಬಟ್ಟೆ ಉಟ್ಟಿದ್ದಳು. ಹೊರರೋಗಿಗಳ ವಿಭಾಗದಲ್ಲಿ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಬೆಡ್‌ಶೀಟಕ್ಕ ಅದೇ ದೊಡ್ಡ ಸಿಸ್ಟರ ಹಿಂದೆ ಮಡಿಸಿದ ಬಟ್ಟೆ ಹೊತ್ತು ಬರುತ್ತಿದ್ದಳು. ಓರಗಿತ್ತಿಗೆ ಹೋದ ಜೀವ ಬಂದಂತಾಗಿ, "ಬಂದ್ಯಾ ತಾಯಿ" ಎಂದು ಎದ್ದು ಬಂದಳು. ಸಿಸ್ಟರು ನಿಂತರು. "ಇವರು ನಿನಗೇನಾಗ್ಬೇಕು?" ಎಂದು ಕೇಳಿದರು.

"ಏನೂ ಆಗ್ಬೇಕಿಲ್ಲ ಸಿಸ್ಟರ್. ಯಾರೋ ಗುಡ್ಡದ ಕಡೆಯವರು."

ಓರಗಿತ್ತಿ ಒಂದು ಮಾರು ದೂರದಲ್ಲಿದ್ದಳು. ಕೇಳಿಸಿತು. "ಹಾಗಾದ್ರೆ ಹೊರಗೆ ಕ್ಯೂನಲ್ಲಿ ನಿಲ್ಲಿ" ಎಂದರು ಸಿಸ್ಟರು. ಓರಗಿತ್ತಿ ಗಂಡನ ರಟ್ಟೆ ಹಿಡಿದುಕೊಂಡು ಹೊರಗೆ ಹೋಗಿ ಬಿಸಿಲಿನಲ್ಲಿ ಕ್ಯೂ ನಿಂತಳು. ಭಾವನಿಗೆ ಗುಣವಾಯಿತು, ಮನೆಗೂ ಹೋದ. ಬೆಡ್‌ಶೀಟಕ್ಕ ಆಮೇಲೆ ಗುಡ್ಡ ಹತ್ತಲಿಲ್ಲ. ಯಾರಾದರೂ ಕೇಳಿದರೆ ರಜೆ ಸಿಗುವುದಿಲ್ಲ ಎನ್ನುತ್ತಿದ್ದಳು. ಪ್ರತಿವರ್ಷ ಅವಳ ರಜೆ ಹಾಗೇ ಉಳಿದು ಕೊಳೆಯುತ್ತಿತ್ತು.

ಡಾಕ್ಟರು ಬಟ್ಟೆಯ ಮಾತೆತ್ತಿದ ಆ ವಾರವೇ ಅವಳು ಬಸ್ಸು ಹತ್ತಿದಳು. ಮೂರು ಗಂಟೆಯ ದಾರಿ. ತಪ್ಪಾಯ್ತು ಎಂದು ಹೇಗೆ ಶುರುಮಾಡುವುದು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಪಕ್ಕದಲ್ಲಿ ಕೂತವನು, ಅವಳು ತುಟಿ ಅಲ್ಲಾಡಿಸುವುದನ್ನು ನೋಡಿ ಎದ್ದು ಬೇರೆ ಸೀಟಿಗೆ ಹೋದ.

ಓರಗಿತ್ತಿ ಜಗಲಿಯ ಮೇಲೆ ನೇಯುತ್ತಿದ್ದಳು. ನಮ್ಮವರ ಮಗ್ಗದ ಒಂದು ತುದಿ ಕಂಬಕ್ಕೆ ಕಟ್ಟಿರುತ್ತದೆ, ಇನ್ನೊಂದು ತುದಿ ನೇಯುವವಳ ಸೊಂಟಕ್ಕೆ. ಬೇಡದವರು ಬಂದರೂ ದಡಬಡ ಎದ್ದು ಒಳಗೆ ಹೋಗುವುದು ಕಷ್ಟ.

"ಬಂದ್ಯಾ" ಎಂದಳು, ತಲೆ ಎತ್ತದೆ.

"ಬಂದೆ ಅಕ್ಕ. ಚೆನ್ನಾಗಿದೀರಾ?"

"ನಾನು ಯಾವಾಗಿಂದ ನಿಂಗೆ 'ನೀವು' ಆದೆ?"

ಬೆಡ್‌ಶೀಟಕ್ಕ ಜಗಲಿಯ ಅಂಚಿಗೆ ಕೂತಳು. "ಬಸ್ಸು ಲೇಟಾಯ್ತು" ಎಂದಳು.

"ಹನ್ನೊಂದು ವರ್ಷ ಲೇಟಾಗೋ ಬಸ್ಸು ಯಾವುದೇ ಅದು?"

ಒಳಗಿನಿಂದ ಭಾವ ನೀರು ತಂದುಕೊಟ್ಟು, "ಆರಾಮಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಿತ್ತಲಿಗೆ ಹೋದ. ಬೆಡ್‌ಶೀಟಕ್ಕ ನೀರು ಕುಡಿದಳು. ಜೋಡಿಸಿಕೊಂಡು ಬಂದಿದ್ದ ಮಾತೂ ನೀರಿನ ಜತೆ ಒಳಗೇ ಇಳಿದುಹೋಯಿತು. ಉಳಿದದ್ದು ಕೇಳಿಕೆ ಮಾತ್ರ.

"ನಂಗೆ ಹಿರಿಬಟ್ಟೆ ಬೇಕಿತ್ತು."

"ಯಾಕೆ, ಆಸ್ಪತ್ರೇಲಿ ಬಟ್ಟೆಗೆ ಬರ ಬಂತಾ?"

"ಅಲ್ಲಿರೋದೆಲ್ಲ ಬಿಳೀದು."

ಓರಗಿತ್ತಿ ಆಗ ತಲೆ ಎತ್ತಿದಳು. "ಕೇಳಿದೋಳಿಗೆ ಇಲ್ಲ ಅನ್ನೋ ಪದ್ಧತಿ ನಮ್ಮಲ್ಲಿಲ್ಲ. ಇದ್ದಿದ್ರೆ ಅಂತಿದ್ದೆ. ಬಾ, ಕೈ ಚಾಚು" ಎಂದಳು. ಕೈಬೆರಳಿನಿಂದ ಕೈಬೆರಳಿಗೆ ನೂಲು ಹಿಡಿದು ಅಳತೆ ತೆಗೆದುಕೊಂಡಳು. "ದಪ್ಪ ಆಗಿದೀಯ" ಎಂದಳು. ಅದು ಬೈಗುಳವಾಗಿತ್ತೋ ಸಂತೋಷವಾಗಿತ್ತೋ ಧ್ವನಿಯಲ್ಲಿ ಗೊತ್ತಾಗಲಿಲ್ಲ.

"ಮಕ್ಕಳು ಇಬ್ರು ತಾನೇ?"

"ಇಬ್ರು. ಮತ್ತೆ ಒಂದು..."

"ಅದು ನಂಗೆ ಗೊತ್ತು. ಇಡೀ ದಿನ ತೊಡೆ ಮೇಲಿಟ್ಕೊಂಡು ಕೂತಿದ್ದೋಳು ನಾನೇ" ಎಂದಳು ಓರಗಿತ್ತಿ. "ಕೆಲಸ ಏನಂತ ನೇಯ್ಲಿ? ಅಲ್ಲಿ ನೀನು ಮಾಡೋದಾದ್ರೂ ಏನು? ಒಗೀತೀಯಾ?"

"ಒಗೆಯೋಕೆ ಯಂತ್ರ ಇದೆ."

"ಒಣಗಿಸ್ತೀಯಾ?"

"ಅದಕ್ಕೂ ಯಂತ್ರ ಇದೆ."

"ಮತ್ತೆ ನಿನ್ನನ್ನ ಯಾಕೆ ಇಟ್ಕೊಂಡಿದಾರೆ, ಯಂತ್ರಕ್ಕೆ ಬೇಜಾರಾಗ್ದಿರ್ಲಿ ಅಂತಾನಾ?"

ಅವಳು ವಿವರಿಸಿದಳು. ಯಾವುದು ಹರಿದಿದೆ, ಯಾವುದು ಹೊಲಿದರೆ ಬಾಳುತ್ತದೆ, ಯಾವುದು ಯಾವ ವಾರ್ಡಿಗೆ, ಆಪರೇಷನ್ನಿನ ಹಸಿರು ಬಟ್ಟೆ ಹೇಗೆ ಮಡಿಸಬೇಕು, ಪ್ರತಿ ಬೆಡ್‌ಶೀಟಿನ ಮೂಲೆಯಲ್ಲಿ ಆಸ್ಪತ್ರೆಯ ಮೊಹರು ಎಲ್ಲಿ ಬೀಳಬೇಕು. ಓರಗಿತ್ತಿ ನಡುವೆ ಬಾಯಿ ಹಾಕದೆ ಕೇಳಿದಳು. ಕೊನೆಗೆ "ಹೂಂ, ಕೆಲಸವೇ" ಎಂದು ತೀರ್ಪು ಕೊಟ್ಟಳು.

ಬೆಡ್‌ಶೀಟಕ್ಕ ಮೂರು ಸಲ ಬಾಯಿ ತೆರೆದಳು. ಮೊದಲ ಸಲ ನೂಲಿನ ಬಣ್ಣದ ಬಗ್ಗೆ ಕೇಳಿದಳು, ಎರಡನೇ ಸಲ ಮಳೆ ಹೇಗೆ ಎಂದು ಕೇಳಿದಳು, ಮೂರನೇ ಸಲ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು.

ಮೂರು ತಿಂಗಳು ಅವಳಿಗೆ ಸರಿಯಾಗಿ ಊಟ ಸೇರಲಿಲ್ಲ. ಗಂಡ ಪಂಪು ರಿಪೇರಿಯವನು, ಮಾತಿಗಿಂತ ಸ್ಪ್ಯಾನರನ್ನು ನಂಬಿದವನು. ಅವನೇ ಒಂದು ದಿನ "ಏನು ಹಾಕ್ತಾಳೋ ಅಂತ ಯೋಚ್ನೆನಾ?" ಎಂದು ಕೇಳಿದ. "ಮಡಕೆ ಹಾಕಿದ್ರೆ ಸಾಕು" ಎಂದಳು. ಮಡಕೆ ಎಂದರೆ ಬಂದವರಿಗೆ ಬಡಿಸುವವಳು. "ಮಡಕೆ ಸ್ವಲ್ಪ ಹೆಚ್ಚಾಯ್ತು" ಎಂದ ಗಂಡ. "ಇರುವೆ?" ಎಂದಳು. ಇರುವೆ ಎಂದರೆ ದುಡಿಯುವವಳು. "ಇರುವೆ ಹಾಕಬಹುದು" ಎಂದು ಒಪ್ಪಿದ. ತಾವಿಬ್ಬರೂ ಒಂದು ಗುರುತನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಮಾತಾಡುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತಿತ್ತು.

ನಿವೃತ್ತಿಯ ಹಿಂದಿನ ದಿನ ಬಸ್ಸಿನ ಕಂಡಕ್ಟರು ಒಂದು ಸಿಮೆಂಟಿನ ಚೀಲ ತಂದುಕೊಟ್ಟ. ಒಳಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಬಟ್ಟೆ. ಅವಳು ಕೈತೊಳೆದು ಬಂದು ಮಂಚದ ಮೇಲೆ ಹಾಸಿದಳು. ಕಡುಗೆಂಪು ಮೈ, ಕಪ್ಪು ಅಂಚು, ಅಂಚಿನಲ್ಲಿ ಹಳದಿ ನೂಲಿನ ಗುರುತು. ಮೇಲಿನಿಂದ ಓದುತ್ತ ಬಂದಳು. ಎರಡು ಗೆರೆ, ಮಕ್ಕಳು. ಒಂದು ತುಂಡು ಗೆರೆ. ಅದರ ಕೆಳಗೆ ಸಾಲಾಗಿ ಚಿಕ್ಕ ಚೌಕಗಳು, ಮಡಿಸಿದ ಬೆಡ್‌ಶೀಟು! ಪ್ರತಿ ಚೌಕದ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಮೊಹರು ಕೂಡ ಇತ್ತು. ಅವಳಿಗೆ ನಗು ಬಂತು. ಹಾಗೇ ನಗುತ್ತ ಕೊನೆಯ ಬೆರಳಗಲಕ್ಕೆ ಬಂದಳು.

ಬಾಗಿಲು. ಎರಡು ಹಲಗೆ ಮುಚ್ಚಿ ನಡುವೆ ಅಗುಳಿ ಹಾಕಿದ ಬಾಗಿಲು. ಬಂದವರನ್ನು ಹೊರಗೆ ನಿಲ್ಲಿಸಿದವಳು ಎಂದು ಅರ್ಥ.

"ಏನು ಬಂತು?" ಎಂದು ಗಂಡ ಪರೀಕ್ಷೆಯ ಫಲಿತಾಂಶ ಕೇಳುವವನಂತೆ ಕೇಳಿದ.

"ಬಾಗಿಲು."

"ಹೂಂ" ಎಂದ. "ಆಸ್ಪತ್ರೇಲಿ ಯಾರಿಗೆ ಓದೋಕೆ ಬರುತ್ತೆ? ಕೇಳಿದ್ರೆ ಕಿಟಕಿ ಅನ್ನು" ಎಂದ.

ಅವಳಿಗೆ ಕೆಂಡದಂಥ ಸಿಟ್ಟು ಬಂತು. ಸುಳ್ಳು ನೇಯ್ದಿದ್ದರೆ ಅಷ್ಟು ಬರುತ್ತಿರಲಿಲ್ಲ. ಇದನ್ನು ಉಡುವುದೇ ಇಲ್ಲ ಎಂದು ಮಡಿಸಿಟ್ಟಳು. ಬೆಳಿಗ್ಗೆ ಎದ್ದು ನೀಲಿ ಅಂಗಿ ಕೈಗೆತ್ತಿಕೊಂಡಳು, ಇಟ್ಟಳು, ಮತ್ತೆ ಎತ್ತಿಕೊಂಡಳು. ಕೊನೆಗೆ ಹಿರಿಬಟ್ಟೆಯನ್ನೇ ಉಟ್ಟಳು. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮೂವತ್ತೊಂದು ವರ್ಷದಲ್ಲಿ ಎರಡನೆಯ ಸಲ ಅವಳು ತನ್ನ ಬಟ್ಟೆಯಲ್ಲಿ ಆ ಗೇಟು ದಾಟಿದಳು. ಈ ಸಲ ಯಾರೂ ನಗಲಿಲ್ಲ. "ಅಯ್ಯೋ ಅಕ್ಕ, ಎಷ್ಟು ಚೆಂದ! ಆನ್‌ಲೈನಲ್ಲಿ ಸಿಗುತ್ತಾ?" ಎಂದು ಒಬ್ಬ ನರ್ಸು ಸೆರಗು ಹಿಡಿದು ನೋಡಿದಳು. "ಕೆಳಗಡೆ ಇದೇನು?"

"ಕಿಟಕಿ" ಎಂದಳು ಬೆಡ್‌ಶೀಟಕ್ಕ.

ಔಷಧಿ ಕೊಡುವವನೂ ಕೇಳಿದ. ಅವನಿಗೂ ಕಿಟಕಿ ಎಂದಳು. ಫೋಟೋ ತೆಗೆಯುವವನು ಕೇಳಲಿಲ್ಲ, ಅವನಿಗೂ ಹೇಳಿದಳು. ಹಲ್ಲಿಯನ್ನು ಮೊಸಳೆ ಎಂದ ಸೋದರತ್ತೆಯ ಕಷ್ಟ ಏನಿತ್ತೆಂದು ಅವಳಿಗೆ ಅವತ್ತು ಅರ್ಥವಾಯಿತು.

ಸಮಾರಂಭ ಮೊದಲ ಮಹಡಿಯ ಸಭಾಂಗಣದಲ್ಲಿ. ಮೆಟ್ಟಿಲ ಬುಡದಲ್ಲಿ ಕಾವಲುಗಾರ ಯಾರನ್ನೋ ತಡೆದಿದ್ದ. "ಪಾಸ್ ಇಲ್ದೆ ಬಿಡೋಕಾಗಲ್ಲ ಅಜ್ಜಿ, ಎಷ್ಟು ಸಲ ಹೇಳ್ಬೇಕು?" ಮೆಟ್ಟಿಲ ಮೇಲೆ ಮುದುಕಿಯೊಬ್ಬಳು ಕೂತಿದ್ದಳು. ಬಣ್ಣ ಮಾಸಿದ ಹಿರಿಬಟ್ಟೆ, ಎಡ ಸೊಂಟದ ಮೇಲೆ ಸೆರಗು. ಬೆಡ್‌ಶೀಟಕ್ಕ ಅವಳನ್ನು ಯಾವತ್ತೂ ಕಂಡವಳಲ್ಲ. ಕೈಚೀಲವನ್ನು ಸರಕ್ಕನೆ ಸೆರಗಿನ ಮೇಲೆ ತಂದುಕೊಂಡು ಪಕ್ಕದಿಂದ ದಾಟಲು ನೋಡಿದಳು.

"ಬಾ ಇಲ್ಲಿ ತಂಗಿ" ಎಂದಳು ಮುದುಕಿ. ಚೀಲವನ್ನು ತಾನೇ ಸರಿಸಿ, ಸೆರಗನ್ನು ಹಿಡಿದು ಬೆರಳಿಟ್ಟು ಓದತೊಡಗಿದಳು. "ಇಬ್ರು ಮಕ್ಕಳು. ಒಂದು ಹೋಯ್ತು, ಪಾಪ. ಇದೇನಿದು, ಇಟ್ಟಿಗೆನಾ?"

"ಬೆಡ್‌ಶೀಟು."

"ಓಹೋ. ಅದನ್ನೂ ನೇಯ್ತಾರಾ ಈಗ?" ಬೆರಳು ಇನ್ನೂ ಕೆಳಗೆ ಇಳಿಯಿತು, ನಿಂತಿತು. ಮುದುಕಿ ಕಣ್ಣೆತ್ತಿ ನೋಡಿದಳು. ಬೈಯುವ ನೋಟವಲ್ಲ. ಎಲ್ಲಿ ನೋವು ಎಂದು ಡಾಕ್ಟರು ಕೇಳುವಂತೆ ಕೇಳಿದಳು: "ಯಾರನ್ನ ಹೊರಗೆ ನಿಲ್ಲಿಸಿದ್ದೆ?"

ಕಿಟಕಿ ಎನ್ನಲು ಬಾಯಿ ತೆರೆದಳು. ಮಾತು ಬೇರೆಯೇ ಬಂತು. "ನಮ್ಮ ಓರಗಿತ್ತೀನ. ಇದೇ ಆಸ್ಪತ್ರೇಲಿ. ಯಾರೋ ಅಂದ್ಬಿಟ್ಟೆ."

"ನೇಯ್ದೋಳು ಯಾರು?"

"ಅವಳೇ."

ಮುದುಕಿ ಸೆರಗನ್ನು ತಿರುಗಿಸಿ ಒಳಮೈ ನೋಡಿದಳು. ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು. "ಇದನ್ನ ನೋಡಿದ್ಯಾ ನೀನು?"

ನೋಡಿರಲಿಲ್ಲ. ಮೂವತ್ತೊಂದು ವರ್ಷ ಬಟ್ಟೆಯಲ್ಲೇ ಬದುಕಿದವಳು ಒಂದು ಬೆರಳಗಲಕ್ಕೆ ಕಣ್ಣು ನೆಟ್ಟು, ಬಟ್ಟೆಯನ್ನು ಮಗುಚಿ ಕೂಡ ನೋಡಿರಲಿಲ್ಲ. ಎಲ್ಲ ಹಿರಿಬಟ್ಟೆಯ ಒಳಮೈಯಲ್ಲೂ ನೂಲಿನ ತುದಿಗಳು, ಗಂಟುಗಳು ಜೋತಾಡುತ್ತವೆ. ಕಾಣುವ ಕಡೆ ಚೆನ್ನಾಗಿದ್ದರೆ ಆಯಿತು, ಪರರಿಗೆ ನೇಯುವಾಗ ಅಷ್ಟೇ ಲೆಕ್ಕ. ಇದರಲ್ಲಿ ಒಂದು ಗಂಟಿರಲಿಲ್ಲ, ಒಂದು ತುದಿ ಇರಲಿಲ್ಲ. ಗೆರೆ, ಚೌಕ, ಮೊಹರು, ಬಾಗಿಲು ಎಲ್ಲ ಹೊರಗೆ ಹೇಗೋ ಒಳಗೂ ಹಾಗೇ.

"ಎರಡು ಮೈ ನೇಯ್ಗೆ" ಎಂದಳು ಮುದುಕಿ. "ಒಂದಕ್ಕೆರಡು ಕೆಲಸ. ಒಂದೊಂದು ಎಳೇನೂ ಬೆರಳಲ್ಲೇ ಒಳಗೆ ತೂರಿಸ್ಬೇಕು. ತಾಯಿ ಮಗಳಿಗೆ ಕೊಡೋ ಕೆಂಪು ಬಟ್ಟೇನ ಮಾತ್ರ ಹೀಗೆ ನೇಯ್ತಾರೆ, ಅದೂ ಎಲ್ಲಾ ಮಗಳಿಗೂ ಅಲ್ಲ. ನನ್ನ ಅಮ್ಮ ನಂಗೆ ನೇಯ್ಲಿಲ್ಲ, ನಮ್ಮ ತಂಗಿಗೆ ನೇಯ್ದಳು" ಎಂದು ಆ ಹಳೆಯ ಸಿಟ್ಟನ್ನೂ ಅಲ್ಲೇ ಒಂದಿಷ್ಟು ತೀರಿಸಿಕೊಂಡಳು. "ಆದದ್ದನ್ನ ಆದ ಹಾಗೇ ನೇಯ್ದಿದಾಳೆ, ಸುಳ್ಳು ಹೇಳಿಲ್ಲ. ಆದ್ರೆ ಬೇಡದೋರಿಗೆ ಯಾರೂ ಇಷ್ಟು ಬೆನ್ನು ಬಗ್ಗಿಸಲ್ಲ ತಂಗಿ."

ಬೆಡ್‌ಶೀಟಕ್ಕ ಮೆಟ್ಟಿಲ ಮೇಲೆ ಕೂತು ಅತ್ತಳು. ಸಣ್ಣಗೆ ಅಲ್ಲ, ಓ ಎಂದು. ಮೂರು ತಿಂಗಳು ಸೊಂಟಕ್ಕೆ ಮಗ್ಗ ಬಿಗಿದುಕೊಂಡು ಕೂತಿದ್ದ ಆ ಹೆಂಗಸನ್ನು ನೆನೆದು ಅವಳಿಗೆ ಎದೆ ಒಡೆಯಿತು. ಅಂಥ ಜಾಗದಲ್ಲಿ ಅಳುವವರು ಹೊಸಬರಲ್ಲವಾದ್ದರಿಂದ ಯಾರೂ ನಿಲ್ಲಲಿಲ್ಲ. ಕಾವಲುಗಾರ ಮಾತ್ರ ಗಾಬರಿಯಾಗಿ, "ಅಕ್ಕ, ಏನಾಯ್ತು? ಮೇಲೆ ನಿಮ್ಮನ್ನ ಕರೀತಿದಾರೆ. ಯಾರು ಇವರು?" ಎಂದ.

"ನಮ್ಮವರು" ಎಂದು ಅವಳು ಮೂಗು ಒರೆಸಿಕೊಂಡಳು. "ಪಾಸು ಗೀಸು ಆಮೇಲೆ. ದಾರಿ ಬಿಡು."

ಮುದುಕಿಯ ಸೊಸೆ ಎರಡನೇ ಮಹಡಿಯ ಹೆರಿಗೆ ವಾರ್ಡಿನಲ್ಲಿದ್ದಳು. ಅಲ್ಲಿಗೆ ಕರೆದುಕೊಂಡು ಹೋಗಿ, ಮಂಚದ ಪಕ್ಕ ಸ್ಟೂಲು ಹಾಕಿ ಕೂರಿಸಿ, ಬೆಡ್‌ಶೀಟು ಬದಲಾಯಿಸಿ ಎಷ್ಟು ದಿನವಾಯಿತು ಎಂದು ನರ್ಸನ್ನು ಬೈದು, ಹಿಂದಿನ ಮೆಟ್ಟಿಲಿನಿಂದ ಇಳಿದು ಬೆಡ್‌ಶೀಟಕ್ಕ ಬಸ್ ಸ್ಟ್ಯಾಂಡಿಗೆ ನಡೆದಳು. ಅತ್ತ ದೊಡ್ಡ ಡಾಕ್ಟರು ಅವಳ ಸೇವೆಯ ಬಗ್ಗೆ ಹನ್ನೆರಡು ನಿಮಿಷ ಮಾತಾಡಿದರು. ಹಾರವನ್ನು ಕುರ್ಚಿಗೆ ಹಾಕಿದರು. ಕುರ್ಚಿಯ ಫೋಟೋ ಚೆನ್ನಾಗಿ ಬಂದಿತಂತೆ.

ಅವಳು ಗುಡ್ಡ ತಲುಪಿದಾಗ ಸಂಜೆ ನಾಲ್ಕು ಗಂಟೆ. ಓರಗಿತ್ತಿ ಜಗಲಿಯ ಮೇಲೆ ನೂಲು ಸುತ್ತುತ್ತಿದ್ದಳು. ಮೇಲಿಂದ ಕೆಳಗೆ ನೋಡಿ, "ಸರಿಯಾಗಿ ಕೂತಿದೆ" ಎಂದಳು, ಬಟ್ಟೆಯ ಬಗ್ಗೆ.

"ಬಾಗಿಲೂ ಸರಿಯಾಗಿದೆ ಅಕ್ಕ" ಎಂದಳು ಬೆಡ್‌ಶೀಟಕ್ಕ. ಈ ಸಲ ಬಸ್ಸಿನಲ್ಲಿ ಏನನ್ನೂ ಜೋಡಿಸಿಕೊಂಡು ಬಂದಿರಲಿಲ್ಲ. "ಅವತ್ತು ನಿನ್ನ ಬಟ್ಟೆ ನೋಡಿ ನಂಗೆ ನಾಚಿಕೆ ಆಯ್ತು. ನೀನು ನಮ್ಮೋಳು ಅಂತ ಗೊತ್ತಾದ್ರೆ ನನ್ನನ್ನೂ ನೋಡಿ ನಗ್ತಾರೆ ಅಂತ ಹಾಗಂದೆ. ನಿನ್ನನ್ನ ಬಿಸಿಲಲ್ಲಿ ನಿಲ್ಲಿಸ್ದೆ. ತಪ್ಪಾಯ್ತು."

ಓರಗಿತ್ತಿ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. "ಜೋರಾಗಿ ಹೇಳು. ಅವತ್ತು ನಿಮ್ಮ ಭಾವನೂ ನನ್ನ ಜತೆ ನಿಂತಿದ್ರು. ಅವರಿಗೂ ಕೇಳ್ಲಿ."

ಭಾವ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ, ಈಚೆಗೆ ಕಿವಿಯೂ ಮಂದ. ಅವಳು ಗಂಟಲೆತ್ತಿ ಕೂಗಿ ಹೇಳಿದಳು. ನಾಚಿಕೆ ಆಯ್ತು ಎಂಬುದನ್ನು ಕೂಗಿ ಹೇಳುವುದು ಸುಲಭವಲ್ಲ. ಆಚೀಚೆ ಮನೆಯವರು ಹೊರಗೆ ಬಂದು ನಿಂತರು. ಭಾವ ಕೊಡಲಿ ಹಿಡಿದುಕೊಂಡೇ ಬಂದು, "ಏನಂತೆ?" ಎಂದ. ಅವಳು ಮೂರನೆಯ ಸಲ ಹೇಳಿದಳು.

"ಇದಕ್ಕೇನಾ ನೀನು ಬರ್ತಿರ್ಲಿಲ್ಲ?" ಎಂದ ಭಾವ. "ನಾನು ರಜ ಸಿಗ್ತಿರ್ಲಿಲ್ಲ ಅಂದ್ಕೊಂಡಿದ್ದೆ." ಮತ್ತೆ ಸೌದೆಗೆ ಹೋದ.

ಓರಗಿತ್ತಿ ಉಂಡೆಯನ್ನು ಪಕ್ಕಕ್ಕಿಟ್ಟಳು. "ಆ ಬಿಳೀ ಟೋಪಿಯೋಳು ಅವತ್ತು ಕೇಳಿದ್ಲಲ್ಲ, ನಾನು ನಿನಗೇನಾಗ್ಬೇಕು ಅಂತ. ಈಗ ಕೇಳಿದ್ರೆ ಏನಂತೀಯ?"

"ನಮ್ಮಕ್ಕ ಅಂತೀನಿ."

ಓರಗಿತ್ತಿ ತುಟಿ ಬಿಗಿಹಿಡಿದು ನೋಡಿದಳು, ಆಗಲಿಲ್ಲ, ಅತ್ತುಬಿಟ್ಟಳು. ಬಿಸಿಲಿನಲ್ಲಿ ಕ್ಯೂ ನಿಂತ ಅವತ್ತು ಅಳಬೇಕೆಂದಿದ್ದಳಂತೆ, ಅಷ್ಟು ಜನರ ಮುಂದೆ ಬೇಡ ಎಂದು ತಡೆದುಕೊಂಡಿದ್ದಳಂತೆ. ಇವತ್ತೂ ಜನ ಕಡಿಮೆಯೇನೂ ಇರಲಿಲ್ಲ.